ತಟ್ಟೆಯಂಚಿನ ತುತ್ತು

ದೆವ್ವ, ಶಕುನ, ಸತ್ತವರ ಸಂದೇಶ ಇವೆಲ್ಲ ಕೆಲಸವಿಲ್ಲದವರು ಹೊತ್ತು ಕಳೆಯಲು ಆಡುವ ಮಾತು ಎಂದು ನಂಬಿದ್ದವಳು ನಾನು. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ ಎದ್ದು ಲ್ಯಾಬಿಗೆ ಹೋಗಿಬಿಡುತ್ತಿದ್ದೆ. ನನ್ನ ಬೆನ್ನ ಹಿಂದೆ ನಗುತ್ತಿದ್ದರು, ನಗಲಿ ಬಿಡಿ ಎಂದುಕೊಳ್ಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಬೇರೆಯವರು ನನಗೆ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ಆದ್ದರಿಂದ ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಇಪ್ಪತ್ತು ವರ್ಷಗಳ ಮೇಲಾಯಿತು. ನನ್ನ ತಂಗಿ ವಸುಧಾ ಮತ್ತು ಅವಳ ಗಂಡ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದರು. ಅಲ್ಲಿಗೆ ಓದಲು ಹೋಗಿ, ಅಲ್ಲೇ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು. ಒಂದು ಶನಿವಾರ ಹ್ಯೂಸ್ಟನ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಹೊರಟಾಗ, ದಾರಿಯಲ್ಲಿ ಲಾರಿಯೊಂದು ಅವರ ಕಾರಿಗೆ ಬಡಿಯಿತು. ಇಬ್ಬರೂ ಅಲ್ಲೇ ಹೋದರು. ಹಿಂದಿನ ಸೀಟಿನಲ್ಲಿದ್ದ ನಾಲ್ಕು ವರ್ಷದ ಮಗಳು ಇಂಚರಳ ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿದ್ದ ಅವರ ಸ್ನೇಹಿತರು, ಗಿರೀಶ್ ಮತ್ತು ಸುನಂದಾ, ಆ ಮಗುವನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು.

ತಂಗಿಯ ಗಂಡನ ಕಡೆ ಹೇಳಿಕೊಳ್ಳುವಂಥವರು ಯಾರೂ ಇರಲಿಲ್ಲ. ಮಗುವನ್ನು ನಾವೇ ದತ್ತು ತೆಗೆದುಕೊಳ್ಳುವುದೆಂದು ನಾನೂ ನಮ್ಮ ಯಜಮಾನರೂ ಒಂದೇ ಮಾತಿನಲ್ಲಿ ತೀರ್ಮಾನಿಸಿದೆವು. ಅವರಿಗೆ ಆಗತಾನೆ ಕಣ್ಣಿನ ಆಪರೇಷನ್ ಆಗಿತ್ತು, ಅಷ್ಟು ದೂರದ ಪ್ರಯಾಣ ಬೇಡವೆಂದರು ಡಾಕ್ಟರು. ವಿಮಾನವನ್ನೇ ಹತ್ತಿ ಗೊತ್ತಿಲ್ಲದ ನಾನು ಒಬ್ಬಳೇ ಹೊರಟೆ.

ನಮಗೆ ಮಕ್ಕಳಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಇಂಚರ ಹುಟ್ಟುವುದಕ್ಕೆ ಎಷ್ಟೋ ಮುಂಚೆ ನನಗೊಂದು ಹೆಣ್ಣು ಮಗು ಹುಟ್ಟಿ, ಮೂರನೆಯ ದಿನಕ್ಕೇ ಹೋಗಿಬಿಟ್ಟಿತ್ತು. ನಾಮಕರಣವೇ ಆಗದ ಕೂಸು. ನಮ್ಮಲ್ಲಿ ಅಂಥ ಕೂಸಿಗೆ ತಿಥಿಯಿಲ್ಲ, ಎಡೆಯಿಲ್ಲ, ಅದರ ಹೆಸರು ಹಿಡಿದು ಅಳೋಣವೆಂದರೆ ಹೆಸರೂ ಇಲ್ಲ. ಅದು ನಿನ್ನದಲ್ಲವೆಂದುಕೊಂಡು ಮರೆತುಬಿಡು ಎಂದರು ಅತ್ತೆ. ಅವರೇನೂ ಕೆಟ್ಟವರಲ್ಲ, ಅವರಿಗೆ ಗೊತ್ತಿದ್ದ ಸಮಾಧಾನ ಅದೊಂದೇ.

ನಾನು ಮಾತ್ರ ಅದು ಹೊಟ್ಟೆಯಲ್ಲಿದ್ದಾಗಲೇ ಮನಸ್ಸಿನೊಳಗೆ ಒಂದು ಹೆಸರಿಟ್ಟಿದ್ದೆ. ಸುಬ್ಬಿ. ಈ ಕಾಲದಲ್ಲಿ ಯಾರೂ ಇಡದ ಹೆಸರು. ಹೇಳಿದರೆ ಎಲ್ಲರೂ ನಗುತ್ತಾರೆಂದು ಯಜಮಾನರಿಗೂ ಹೇಳಿರಲಿಲ್ಲ. ಮಗು ಹೋದ ಮೇಲೆ ಹೇಳಲು ಬಾಯಿ ಬರಲಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತನ್ನು ತಟ್ಟೆಯಂಚಿನಲ್ಲಿ ಎತ್ತಿಡುವುದು ಆಗಲೇ ಶುರುವಾದದ್ದು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಇಟ್ಟಿತು, ಆಮೇಲೆ ಬಿಡಲಾಗಲಿಲ್ಲ. ಊಟ ಮುಗಿದ ಮೇಲೆ ಅದನ್ನು ಹಿತ್ತಿಲಲ್ಲಿ ಹಕ್ಕಿಗೆ ಹಾಕುತ್ತಿದ್ದೆ. ನಿನಗೂ ಒಂದು ವ್ರತವೇ ಎಂದು ಯಜಮಾನರು ಛೇಡಿಸುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಇರ್ವಿಂಗ್ ತಲುಪಿದ ದಿನ ಇಂಚರ ನನ್ನನ್ನು ನೋಡಿ ಸುನಂದಾಳ ಸೆರಗಿನ ಹಿಂದೆ ಅಡಗಿದಳು. ಅಡಗಿದವಳು ಹೊರಗೆ ಬರಲೇ ಇಲ್ಲ. ಫೋನಿನಲ್ಲಿ ಮುಂಚೆಲ್ಲ ದೊಡ್ಡಮ್ಮಾ ಎಂದು ಕಿರುಚುತ್ತಿದ್ದ ಮಗು, ಅಪಘಾತದ ಮೇಲೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೇಕು ಬೇಡಕ್ಕೆ ಇಂಗ್ಲಿಷಿನಲ್ಲಿ ಒಂದೊಂದು ಶಬ್ದ, ಅಷ್ಟೇ. ಊಟವೆಂದರೆ ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು. ನಾನು ತಂದಿದ್ದ ಬೊಂಬೆಯನ್ನು ಸೋಫಾದ ಕೆಳಗೆ ತಳ್ಳಿದ್ದಳು. ರಾತ್ರಿ ಸುನಂದಾಳ ಮಗ್ಗುಲಲ್ಲೇ ಮಲಗಬೇಕು. ನಾನು ಕೋಣೆಗೆ ಹೋದರೆ ಅವಳು ಕೋಣೆಯಿಂದ ಹೊರಗೆ ಹೋಗುತ್ತಿದ್ದಳು. ವಸುಧಾಳ ಹಣೆ, ವಸುಧಾಳ ಗಲ್ಲ ಹೊತ್ತುಕೊಂಡ ಮುಖ ನನ್ನಿಂದ ತಿರುಗಿಕೊಳ್ಳುವುದನ್ನು ನೋಡಿ ನೋಡಿ ನನಗೆ ಜೀವವೇ ಬೇಡವೆನಿಸಿತು.

ಸುನಂದಾ ಧಾರವಾಡದ ಕಡೆಯವಳು, ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಟ್ಟುಕೊಳ್ಳುವವಳಲ್ಲ. ತನಗೆ ಇಬ್ಬರು ಗಂಡುಮಕ್ಕಳು, ಹೆಣ್ಣು ಬೇಕೆಂದು ಆಸೆ, ಮಗು ತನಗೆ ಹೊಂದಿಕೊಂಡಿದೆ, ನಾನು ಒಪ್ಪಿದರೆ ತಾನೇ ಸಾಕಿಕೊಳ್ಳುತ್ತೇನೆಂದು ನೇರವಾಗಿಯೇ ಹೇಳಿದ್ದಳು. ಅವಳ ಮೇಲೆ ಸಿಟ್ಟು ಮಾಡೋಣವೆಂದರೆ ಸಿಟ್ಟು ಬರುತ್ತಿರಲಿಲ್ಲ. ಮಗು ಯಾರ ಹತ್ತಿರ ನೆಮ್ಮದಿಯಾಗಿರುತ್ತದೆಂದು ನೋಡಲು ಕೋರ್ಟಿನ ಕಡೆಯಿಂದ ಒಬ್ಬ ಹೆಂಗಸು ಆಗಾಗ ಬರುತ್ತಿದ್ದಳು. ವಯಸ್ಸಾದವಳು, ಸಭ್ಯಳು. ಬಂದಾಗಲೆಲ್ಲ ಇಂಚರ ನನ್ನಿಂದ ಆದಷ್ಟು ದೂರದ ಮೂಲೆಯಲ್ಲಿ ಇರುತ್ತಿದ್ದಳು. ಮುಂದಿನ ಭಾನುವಾರ ಕೊನೆಯ ಸಲ ಬಂದು ತನ್ನ ಅಭಿಪ್ರಾಯ ಒಪ್ಪಿಸುತ್ತೇನೆಂದು ಹೇಳಿ ಹೋದಳು. ನಾನು ಬರಿಗೈಯಲ್ಲಿ ಮೈಸೂರಿಗೆ ವಾಪಸಾಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು.

ಆ ಭಾನುವಾರ ಮಧ್ಯಾಹ್ನ ಅವಳು ಬಂದು ಡೈನಿಂಗ್ ಟೇಬಲ್ಲಿನ ಕೊನೆಯ ಕುರ್ಚಿಯಲ್ಲಿ ಕೂತಳು. ತಾನು ಇಲ್ಲವೆಂದೇ ತಿಳಿದು ನಿಮ್ಮ ಪಾಡಿಗೆ ನೀವಿರಿ ಎಂದಳು. ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು. ಗಿರೀಶ್ ಗಂಡುಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ನಾನು ಹಟ ಮಾಡಿ ಅಡಿಗೆ ನಾನೇ ಮಾಡಿದ್ದೆ. ನಮ್ಮಮ್ಮ ನನಗೂ ವಸುಧಾಳಿಗೂ ಮಾಡುತ್ತಿದ್ದ ತಿಳಿಸಾರು, ಮೆತ್ತಗಿನ ಅನ್ನ, ತುಪ್ಪ. ಕೊನೆಯ ಪ್ರಯತ್ನವೆಂದು ತಟ್ಟೆಯಲ್ಲಿ ಕಲಸಿಕೊಂಡು ಮಗುವಿನ ಮುಂದೆ ಕೂತೆ. ಸುನಂದಾ ನನ್ನ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದಳು.

‘ಅಕ್ಕಾರ, ಇವತ್ತೊಂದಿನ ಚಮಚಾ ಕೊಟ್ಟುಬಿಡ್ರಿ. ಕೈಲೆ ಉಣಿಸಿದ್ರ ಅವರು ಏನರೆ ತಪ್ಪು ತಿಳ್ಕೋತಾರ.’

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾಲ್ಕು ವರ್ಷದ ಮಗುವಿಗೆ ಕೈತುತ್ತು ಕೊಡುವುದು ಆ ಊರಿನ ಕಣ್ಣಿಗೆ ಹೇಗೆ ಕಾಣುತ್ತದೋ. ಆದರೆ ಚಮಚದಲ್ಲಿ ತಿನ್ನಿಸಲು ನನಗೆ ಬರುವುದಿಲ್ಲ. ಮೊದಲ ತುತ್ತು ಕಟ್ಟಿದೆ. ಕೈ ಅಭ್ಯಾಸಬಲದಿಂದ ಅದನ್ನು ತಟ್ಟೆಯಂಚಿನಲ್ಲಿಟ್ಟಿತು. ಎರಡನೆಯದನ್ನು ಕಟ್ಟಿ, ಮಕ್ಕಳಿಗೆ ಒಬ್ಬೊಬ್ಬರ ಹೆಸರು ಹೇಳಿ ಉಣಿಸುತ್ತೇವಲ್ಲ, ಹಾಗೆ ಶುರು ಮಾಡಿದೆ. ಇದು ಕಾಗೆಗೆ ಎಂದೆ. ಬಾಯಿ ತೆರೆಯಲಿಲ್ಲ. ಇದು ಗುಬ್ಬಿಗೆ, ಇದು ಅಜ್ಜಿಗೆ ಎಂದೆ. ತುಟಿ ಬಿಗಿದೇ ಇತ್ತು. ಆಮೇಲೆ ಏನು ಹೇಳುತ್ತಿದ್ದೇನೆಂಬ ಎಚ್ಚರವಿಲ್ಲದೆ, ನಮ್ಮಮ್ಮ ಹೇಳುತ್ತಿದ್ದ ಸಾಲಿನಲ್ಲೇ, ‘ಇದು ಅಮ್ಮಂದು’ ಎಂದುಬಿಟ್ಟೆ.

ಸುನಂದಾ ಉಸಿರೆಳೆದುಕೊಂಡದ್ದು ಕೇಳಿಸಿತು. ತುತ್ತು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಕೆಲಸ ಕೆಟ್ಟಿತು, ಇನ್ನು ಮಗು ಚೀರಿ ಓಡುತ್ತದೆ ಎಂದುಕೊಂಡೆ.

ಇಂಚರ ಓಡಲಿಲ್ಲ. ನನ್ನ ಮುಖವನ್ನಾಗಲಿ ಕೈಯನ್ನಾಗಲಿ ನೋಡಲಿಲ್ಲ. ತಟ್ಟೆಯಂಚಿನ ತುತ್ತನ್ನು ನೋಡಿದಳು. ಅಲ್ಲಿಂದ ಕಣ್ಣೆತ್ತಿ ನನ್ನ ಎಡಗಡೆ, ಖಾಲಿ ಜಾಗದತ್ತ, ಸ್ವಲ್ಪ ಕೆಳಗೆ, ತನ್ನಷ್ಟೇ ಎತ್ತರದ ಯಾರನ್ನೋ ನೋಡುವಂತೆ ನೋಡಿದಳು. ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವಾಗ ಮಕ್ಕಳು ಕತ್ತು ಓರೆ ಮಾಡುತ್ತಾರಲ್ಲ, ಹಾಗೆ ಮಾಡಿದಳು. ಆಮೇಲೆ ನಮ್ಮ ಮನೆಯ ಕನ್ನಡದಲ್ಲಿ, ಸ್ಪಷ್ಟವಾಗಿ ಹೇಳಿದಳು.

‘ಸುಬ್ಬಿಗೆ ಸಾಕಂತೆ. ಇನ್ಮೇಲೆ ಎತ್ತಿಡಬೇಡ ಅಂತಾಳೆ.’

ಇಷ್ಟು ಹೇಳಿ ಬಾಯಿ ತೆರೆದಳು. ತುತ್ತು ಹೇಗೆ ಬಾಯಿಗೆ ಹೋಯಿತೋ ಗೊತ್ತಿಲ್ಲ. ಅಗಿದು ನುಂಗಿದಳು. ಕುರ್ಚಿಯಿಂದ ಇಳಿದು ಬಂದು ನನ್ನ ತೊಡೆಯ ಮೇಲೆ ಕೂತು ಮತ್ತೆ ಬಾಯಿ ತೆರೆದಳು. ತಟ್ಟೆಯಲ್ಲಿದ್ದದ್ದೆಲ್ಲ ಖಾಲಿಯಾಯಿತು. ಕೊನೆಗೆ ಅಂಚಿನಲ್ಲಿದ್ದ ಆ ತುತ್ತನ್ನೂ ತಾನೇ ಕೈಯಿಂದ ಎತ್ತಿಕೊಂಡು ತಿಂದಳು.

ಕೋರ್ಟಿನ ಹೆಂಗಸು, ಮಗು ಏನೆಂದಳು ಎಂದು ಮೆಲ್ಲಗೆ ಸುನಂದಾಳನ್ನು ಕೇಳಿದಳು. ಸುನಂದಾಳಿಗೂ ಅರ್ಥವಾಗಿರಲಿಲ್ಲ. ನನ್ನ ಕಡೆ ತಿರುಗಿದಳು.

‘ಸುಬ್ಬಿ ಅಂದ್ರ ಯಾರ್ರಿ ಅಕ್ಕಾರ?’

‘ನನ್ನ ಮಗಳು’ ಎಂದೆ. ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನಾನು ಬಿಕ್ಕಿ ಬಿಕ್ಕಿ ಅತ್ತೆ. ತೊಡೆಯ ಮೇಲಿದ್ದ ಮಗು ಅಲುಗಾಡದೆ ಕೂತಿತ್ತು. ಸುನಂದಾ ನಮ್ಮಿಬ್ಬರನ್ನು ನೋಡಿ, ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗು ನನ್ನ ಜೊತೆಗೇ ಹೋಗಲೆಂದು ಕೋರ್ಟಿನ ಹೆಂಗಸು ಅಭಿಪ್ರಾಯ ಒಪ್ಪಿಸಿದಳು. ಮಗುವನ್ನು ತಾನು ಇಟ್ಟುಕೊಳ್ಳುವ ಮಾತನ್ನು ಸುನಂದಾ ಮತ್ತೆ ಎತ್ತಲಿಲ್ಲ. ನಾವು ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಇಂಚರಳಿಗೆ ಜಡೆ ಹೆಣೆದು ಕಳಿಸಿದಳು. ಅವಳ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೈಸೂರಿಗೆ ಬಂದು ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ನೀನು ನಿದ್ದೆಯಲ್ಲಿ ಆ ಹೆಸರು ಕನವರಿಸಿರಬೇಕು, ಗೋಡೆಯಾಚೆ ಮಗು ಕೇಳಿಸಿಕೊಂಡಿರಬೇಕು ಎಂದರು. ಇರಬಹುದು. ಎಳೆಯ ಮಕ್ಕಳು ನಾವು ತಿಳಿದದ್ದಕ್ಕಿಂತ ಹೆಚ್ಚು ಗಮನಿಸುತ್ತಾರೆ, ನಾನು ಎತ್ತಿಡುವುದನ್ನು ಅವಳು ನೋಡುತ್ತಿದ್ದಿರಬೇಕು. ಆದರೆ ಕನವರಿಕೆಯಲ್ಲಿ ಕೇಳಿದ ಹೆಸರನ್ನೂ ತಟ್ಟೆಯಂಚಿನ ತುತ್ತನ್ನೂ ನಾಲ್ಕು ವರ್ಷದ ಮಗುವಿಗೆ ಜೋಡಿಸಿಕೊಟ್ಟವರು ಯಾರು? ಅವಳು ಯಾರನ್ನು ನೋಡಿದಳು? ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. ಇರ್ವಿಂಗಿನ ಆ ಮನೆಯೇ ಅವಳಿಗೆ ನೆನಪಿಲ್ಲ. ಸುಬ್ಬಿ ಎಂದರೆ ಯಾರು ಎಂದು ನನ್ನನ್ನೇ ಕೇಳಿದಳು.

ಒಂದು ಮಾತು ಯಜಮಾನರಿಗೂ ಹೇಳಿಲ್ಲ. ಆ ಮಧ್ಯಾಹ್ನದಿಂದ ನಾನು ತುತ್ತು ಎತ್ತಿಟ್ಟಿಲ್ಲ, ಅದನ್ನು ಅವರೂ ನೋಡಿದ್ದಾರೆ. ಮೈಸೂರಿಗೆ ಬಂದ ಮೇಲೆ ಒಂದೆರಡು ಸಲ ಇಡಲು ನೋಡಿದೆ, ಆಗಲಿಲ್ಲ. ಅಲ್ಲಿಯವರೆಗೆ ಎಷ್ಟೋ ವರ್ಷ ನನ್ನ ಆಸುಪಾಸಿನಲ್ಲಿ ಇದ್ದದ್ದು ಏನೋ, ಅದು ಈಗ ಇರಲಿಲ್ಲ. ಬಂದವಳನ್ನು ಬರಮಾಡಿಕೊಂಡ ಖುಷಿಯಲ್ಲಿ ಹೋದವಳನ್ನು ಬೀಳ್ಕೊಡಲೂ ಇಲ್ಲ ನಾನು.

ಇಂಚರ ನನ್ನನ್ನು ಬಹಳ ದಿನ ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಒಂದು ಬೆಳಗ್ಗೆ ನಾನು ಒಲೆಯ ಮುಂದೆ ನಿಂತಿದ್ದಾಗ ಹಿಂದಿನಿಂದ ‘ಅಮ್ಮಾ’ ಎಂಬ ದನಿ ಕೇಳಿತು. ಆ ದನಿಯಲ್ಲಿ ಹಾಗೆ ಕರೆಸಿಕೊಂಡು ನನಗೆ ರೂಢಿಯಿರಲಿಲ್ಲ. ಕರೆದದ್ದು ಯಾವ ಮಗಳೆಂದು ಗೊತ್ತಾಗದೆ, ತಿರುಗಿ ನೋಡುವ ಧೈರ್ಯವಿಲ್ಲದೆ, ನಿಂತಲ್ಲಿಂದಲೇ ‘ಏನಮ್ಮಾ’ ಎಂದೆ.