ಕಮಟು ಎಣ್ಣೆಗೆ ಸುರಿದ ಬಿಳಿ ಚೂರು

ಮಸ್ಕಿಯಲ್ಲಿ ನನ್ನದೊಂದು ಎಣ್ಣೆ ಅಂಗಡಿ ಇತ್ತು. ಗಂಡ ಬಿಟ್ಟ ನನ್ನ ಅಕ್ಕ ಅದರ ಹಿಂದಿನ ಕೋಣೆಯಲ್ಲಿ ಚಕ್ಕುಲಿ, ಕರಚಿಕಾಯಿ ಕರಿದು ಬದುಕುತ್ತಿದ್ದಳು. ಬಸುರಿ ಮಗಳ ಕುಬುಸಕ್ಕೆ ತವರಿನವರು ಬುಟ್ಟಿ ತುಂಬ ತಿಂಡಿ ಒಯ್ಯಬೇಕು; ಬೀಗರು ಅದನ್ನು ಓಣಿಗೆಲ್ಲ ಹಂಚಬೇಕು. ಎಷ್ಟು ದಿನ ಇಟ್ಟರೂ ಕೆಡದ ತಿಂಡಿ ಅಕ್ಕನದೇ ಎಂಬ ಹೆಸರಿತ್ತು. ಆ ಹೆಸರು ನನಗೆ ಸೇರುತ್ತಿರಲಿಲ್ಲ. ಜನ ನನ್ನ ಅಂಗಡಿಗೆ ಬಂದು ಅವಳನ್ನು ಕೇಳುತ್ತಿದ್ದರು.

ನಿಜಾಮನ ಆಡಳಿತ ಹೋದ ಮೇಲೆ ರಾಯಚೂರಿನಿಂದ ಒಬ್ಬ ಏಜೆಂಟ ಬಂದ. ಅವನ ಹತ್ತಿರ ಮೇಣದಂಥ ಬಿಳಿ ಚೂರು ಇತ್ತು, ಕಾರ್ಖಾನೆಯಲ್ಲಿ ಮಾಡಿದ್ದು.

"ನೀರಾಗ ಕರಗಂಗಿಲ್ರೀ. ಎಣ್ಣಿ ಬೆಚ್ಚಗ ಮಾಡಿ ಒಂದು ಚಿಟಿಕಿ ಹಾಕ್ರಿ. ಗಾಳಿ ಬಡದು ಕಮಟಾಗೂದನ್ನ ತಡೀತದ. ಕರದ್ರೂ ಗುಣ ಹೋಗಂಗಿಲ್ಲ, ತಿಂಡಿನೂ ಬಾಳ್ತದ."

"ಈಗಾಗಲೇ ಕಮಟಾಗಿದ್ರ?"

"ಅದಕ್ಕ ಇದೇನೂ ಮಾಡಂಗಿಲ್ರೀ. ಹೊಸಾ ಎಣ್ಣಿಗೆ ಅಷ್ಟ."

ಕೇಳಿಸಿಕೊಂಡೆ. ಆದರೂ ಬೇಸಿಗೆಯಲ್ಲಿ ಕೆಟ್ಟಿದ್ದ ಶೇಂಗಾ ಎಣ್ಣೆಯ ಡಬ್ಬಿಗೆ ಒಂದು ಹಿಡಿ ಸುರಿದೆ. ಚಿಟಿಕೆ ತಡೆಯುವುದಾದರೆ ಹಿಡಿ ಸರಿಮಾಡೀತು ಎಂಬ ದುರಾಸೆ. ವಾಸನೆ ಹೋಗಲಿಲ್ಲ. ಹೊಸ ಎಣ್ಣೆ ಬೆರೆಸಿ ಅಕ್ಕನಿಗೆ ಕೊಟ್ಟೆ.

"ವಾಸನಿ ಬ್ಯಾರೆ ಐತಲ್ಲೋ ತಮ್ಮಾ."

"ಔಷಧದ ವಾಸನಿ. ಕರದ್ರ ಹೋಗ್ತದ."

ಅವಳು ನಂಬಿದಳು. ಆ ಎಣ್ಣೆಯಲ್ಲಿ ಕರಿದ ತಿಂಡಿಯ ಬುಟ್ಟಿ ಒಂದು ಕುಬುಸಕ್ಕೆಂದು ಲಿಂಗಸುಗೂರಿನ ಬೀಗರ ಮನೆಗೆ ಹೋಯಿತು. ವಾರದೊಳಗೆ ಆ ಬಸುರಿ ಹುಡುಗಿಯ ತಂದೆ ಅದನ್ನು ತಂದು ನಮ್ಮ ಕಟ್ಟೆಯ ಮೇಲೆ ಸುರುವಿದ.

"ಬೀಗರು ದನಕ್ಕ ಹಾಕ್ಯಾರ, ನನ್ನ ಮಗಳ ಎದುರಿಗೇ. ನಿಮ್ಮಪ್ಪಗ ಎಣ್ಣಿಗೂ ಗತಿ ಇಲ್ಲೇನ ಅಂದಾರ. ಉಳದದ್ದು ನೀವ ತಿನ್ರಿ."

ಅಕ್ಕ ನನ್ನ ಕಡೆ ತಿರುಗಿದಳು. "ಹೇಳೋ, ಎಣ್ಣಿ ಹೊಸದಿತ್ತಲ್ಲ?"

"ನನ್ನ ಎಣ್ಣಿ ಊರೆಲ್ಲಾ ಒಯ್ತದ. ನಿನ್ನ ಕೈಯಾಗ ಏನೈತಿ ನೋಡ್ಕೋ."

ಗಿರಾಕಿಗಳು ನಕ್ಕರು. ಗಂಡ ಬಿಟ್ಟವಳ ಕೈ, ಇನ್ನೇನಾದೀತು ಎಂದಳು ಒಬ್ಬಾಕೆ. ನಾನು ಅವಳ ಬಾಯಿ ಮುಚ್ಚಿಸಲಿಲ್ಲ. ಒಳಗೊಳಗೆ ಹಿತವೂ ಆಯಿತು.

ಆಮೇಲೆ ಅಕ್ಕನ ಒಲೆಗೆ ಯಾರೂ ಕೆಲಸ ತರಲಿಲ್ಲ. ಅವಳು ಸಿಂಧನೂರು ಕಡೆ, ಹೊಸ ಕಾಲುವೆಯ ಗದ್ದೆಗಳಿಗೆ ಕಳೆ ಕೀಳಲು ಹೊರಟಳು. ಹೊರಡುವ ದಿನ ಅಂಗಡಿಗೆ ಬಂದು ಆ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು.

"ನಿನಗ ಗೊತ್ತಿತ್ತೇನೋ?"

ಗೊತ್ತಿತ್ತು. ಅಷ್ಟು ಹೇಳಿದ್ದರೆ ಅವಳು ಗಂಟು ಕೆಳಗಿಡುತ್ತಿದ್ದಳೇನೋ. ಅಂಗಡಿಯಲ್ಲಿ ಜನರಿದ್ದರು.

"ಬಸ್ಸು ಹೋಗ್ತದ, ನಡಿ," ಅಂದೆ.