ಸೊಲ್ಲು ಹೇಳಲು ಒಬ್ಬರು ಬೇಕು

ಇವತ್ತು ಬೆಳಿಗ್ಗೆ ಮೆಂತ್ಯದ ಸೊಪ್ಪಿನ ಕಂತೆ ಬಿಚ್ಚಿದೆ. ಬೇರಿಗೆ ಅಂಟಿದ್ದ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಂಟ ಹಿಡಿದುಕೊಂಡಿತು. ಮಣ್ಣಿನ ವಾಸನೆಗೆ ಕವಿಗಳಿಗೆ ಕವಿತೆ ಹುಟ್ಟುತ್ತದಂತೆ. ನನಗೆ ಹುಟ್ಟುವುದು ಸೊಂಟನೋವು. ನಗಬೇಡಿ. ಇದಕ್ಕೆ ಕಾರಣ ನನ್ನ ಸೋದರತ್ತೆ ಪುಟ್ಟತಾಯಮ್ಮ, ಮತ್ತು ನನ್ನ ಮೊಬೈಲು.

ಐವತ್ತು ದಾಟಿದ ಮೇಲೆ ಕೆಲವರು ವಾಕಿಂಗ್ ಶುರು ಮಾಡುತ್ತಾರೆ. ನಾನು ಸಂಗೀತ ಮಾಡಲು ಹೊರಟೆ. ಹಾಡಲು ಅಲ್ಲ, ನನ್ನ ಕಂಠದ ವಿಷಯ ಕೆ.ಆರ್. ನಗರದ ನಮ್ಮ ಬೀದಿಗೆಲ್ಲ ಗೊತ್ತು. ಮೊಬೈಲಿನಲ್ಲಿ ಒಂದು ಆ್ಯಪ್ ಸಿಕ್ಕಿತ್ತು. ಅದರ ಬಣ್ಣದ ಚೌಕಗಳನ್ನು ಒತ್ತಿದರೆ ಒಂದರಲ್ಲಿ ಡೋಲಕ್, ಇನ್ನೊಂದರಲ್ಲಿ ಕೊಳಲು. ಮೇಲೆ ನಮ್ಮ ದನಿ ಕೂರಿಸಬಹುದು, ಬೇಡವಾದದ್ದನ್ನು ಅಳಿಸಬಹುದು. ಒಂದೇ ವಾರದಲ್ಲಿ ನಾನು ಸಂಗೀತ ನಿರ್ದೇಶಕನಾಗಿಬಿಟ್ಟೆ. ಕಂಬಳಿ ಹೊದ್ದು ಕೂತು ರೆಕಾರ್ಡ್ ಮಾಡಿದರೆ ಬೀದಿಯ ಸದ್ದು ಒಳಗೆ ಬರುವುದಿಲ್ಲ ಎಂದೂ ಕಲಿತೆ. ಹೆಂಡತಿ ಸುಧಾ ನನ್ನ ಹಣೆ ಮುಟ್ಟಿ, "ಜ್ವರ ಏನ್ರೀ?" ಎಂದಳು.

ಎರಡು ವರ್ಷದ ಹಿಂದಿನ ಮಾತಿದು. ಅದೇ ಹೊತ್ತಿಗೆ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಗೆ ಬಂದಳು. ಚುಂಚನಕಟ್ಟೆ ಹತ್ತಿರದ ಹಳ್ಳಿಯವಳು. ನಾಟಿ ಗದ್ದೆಯಲ್ಲಿ ಅವಳೇ ಮುಂದಾಳು. ಅವಳು ಪದದ ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಒಟ್ಟಾಗಿ ಸೊಲ್ಲು, ಅಂದರೆ ಪಲ್ಲವಿ, ಹೇಳಬೇಕು, ಅಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಸಿದ್ಧ. ಅಂಥ ಕಂಠ ಮನೆಯೊಳಗೇ ಬಂದು ಕೂತರೆ ಸಂಗೀತ ನಿರ್ದೇಶಕ ಸುಮ್ಮನಿರುತ್ತಾನೆಯೇ? ಕಂಬಳಿ ಹೊದಿಸಿ ಮೊಬೈಲು ಹಿಡಿದೆ. ಅತ್ತೆ ಒಂದು ಸಾಲು ಹಾಡಿ ನಿಂತುಬಿಟ್ಟಳು.

"ಮುಂದ್ಕೆ ಬತ್ತಾ ಇಲ್ಲ ಕಣ್ಲಾ."

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನಾಲ್ಕನೆಯ ದಿನ ಅತ್ತೆ ನಗುನಗುತ್ತಲೇ, "ಪೊರೆ ಜೊತೆಗೆ ಪದಾನೂವೆ ತಗುದ್ಬುಟ್ರಾ ಆಸ್ಪತ್ರೇಲಿ?" ಎಂದಳು. ಆದರೆ ಕಪ್ಪು ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ಅವಳ ಪದಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವು ಹೋದರೆ ಹೋದವೇ.

ಗುಟ್ಟು ಹೊಳೆದದ್ದು ಸುಧಾಳಿಗೆ. "ಅತ್ತೆ ಯಾವತ್ತಾದ್ರೂ ಕೂತ್ಕೊಂಡು ಹಾಡಿದ್ದಾರೇನ್ರೀ?"

ಹೌದಲ್ಲ! ಬಗ್ಗಿ ನಾಟಿ ಹಾಕುತ್ತಾ ಹಾಡಿದ ಪದಗಳವು. ಆದರೆ ಮೂರು ವಾರ ಬಗ್ಗಲೇಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಾದ್ರೆ ನೀನ್ ಬಗ್ಗು" ಎಂದಳು.

ಬಗ್ಗಿದೆ. ಪೈರಿನ ಬದಲು ಎಡಗೈಯಲ್ಲಿ ಮೆಂತ್ಯದ ಕಂತೆ. ನಡುಮನೆಯ ನೆಲವೇ ಗದ್ದೆ. ಮೊಬೈಲು ಅತ್ತೆಯ ಪಕ್ಕದಲ್ಲಿ ರೆಕಾರ್ಡ್ ಮಾಡುತ್ತಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಹುಕುಂ ಮಾಡತೊಡಗಿದಳು.

"ಮೂರ್ ಮೂರೇ ಕಡ್ಡಿ ತಕೊ. ಇಂದಕ್ ಸರಿಯಲಾ! ಮುಂದಕ್ಕೋಗಿ ನೆಟ್ಟಿರೋ ಪೈರ್ನೇ ತುಳಿದೀಯಾ?"

ಹಿಂದಕ್ಕೆ ಸರಿದೆ. ಟೀವಿ ಸ್ಟ್ಯಾಂಡಿಗೆ ಹಿಂಭಾಗ ಬಡಿಯಿತು. ಅತ್ತೆ ಬೈಯುತ್ತಾ ಬೈಯುತ್ತಾ, ತನಗೇ ಗೊತ್ತಿಲ್ಲದ ಹಾಗೆ, ಪದ ಎತ್ತಿಕೊಂಡಳು. "ಅಂಗೈಯುದ್ದದ ಪೈರೇ, ಎದೆಯುದ್ದ ಬೆಳೆಯವ್ವ..." ಸೊಲ್ಲು ಹೇಳಬೇಕಾದ ಸುಧಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ್ದಳು. ಗತಿಯಿಲ್ಲದೆ ನಾನೇ, ಬಗ್ಗಿದಲ್ಲಿಂದಲೇ, "ಬಾರವ್ವ ನಮ್ಮ ಗದ್ದೆಗೆ" ಎಂದು ಒರಲಿದೆ. ಒಂದರ ಹಿಂದೆ ಒಂದು, ಹದಿನಾಲ್ಕು ಸಾಲು ಬಂದವು! ಮಾರನೆಯ ದಿನ ನಾನು ಮಂಚದಿಂದ ಏಳಲಿಲ್ಲ.

ಮಲಗಿದ್ದಲ್ಲೇ ಆ್ಯಪಿನಲ್ಲಿ ಕೆಲಸ ಶುರು ಮಾಡಿದೆ. ಬೈಗುಳ ಅಳಿಸಿದೆ. ನಾಚಿಕೆಯಾಗಿ ನನ್ನ ದನಿಯನ್ನೂ ಪೂರ್ತಿ ಅಳಿಸಿದೆ. ಅತ್ತೆಯ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿ ಡೋಲಕ್ ಹಾಕಿದೆ. ಹೆಮ್ಮೆಯಿಂದ ಕೇಳಿಸಿದರೆ ಅತ್ತೆಯ ಮುಖ ಸಣ್ಣದಾಯಿತು.

"ಸೊಲ್ಲೆಲ್ಲಿ?"

"ನನ್ನ ದನಿ ಚೆನ್ನಾಗಿರಲಿಲ್ಲ ಅತ್ತೆ. ತೆಗೆದುಬಿಟ್ಟೆ."

"ಸೊಲ್ಲು ಏಳುವಾಗ್ಲೇ ಕಣ್ಲಾ ನಾನು ಉಸ್ರು ತಕಳದು. ಉಸ್ರಾಡಕ್ಕೂ ಬುಡ್ಲಿಲ್ವಲ್ಲ ನೀನು. ಇಂಗೆ ಒಬ್ಳೇ ಪದ ಏಳ್ತಾ ಇದ್ರೆ, ಪಾಪ ಇವ್ಳಿಗೆ ಯಾರೂ ಇಲ್ವೇನೋ ಅಂದ್ಕಳಲ್ವಾ ಜನ?"

ಪುಣ್ಯಕ್ಕೆ ಮೂಲ ರೆಕಾರ್ಡಿಂಗ್ ಹಾಗೇ ಉಳಿದಿತ್ತು. ಡೋಲಕ್ ತೆಗೆದು, ಬೈಗುಳದ ಸಮೇತ ನನ್ನ ಒರಲಾಟವನ್ನು ವಾಪಸು ಹಾಕಿದೆ. ಅದನ್ನು ಅತ್ತೆ ಊರಿಗೆ ಹೋಗಿ ಎಲ್ಲರಿಗೂ ಕೇಳಿಸಿದಳಂತೆ. ಆ ಕಡೆ ಈಗ ನನಗೆ ಮುಖ ತೋರಿಸುವ ಹಾಗಿಲ್ಲ.

ಇಷ್ಟನ್ನು ನೆನೆಯುತ್ತಾ ಸೊಂಟ ನೀವಿಕೊಳ್ಳುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಅತ್ತೆಯ ವಾಯ್ಸ್ ಮೆಸೇಜು. "ಲೋ, ಇನ್ನೊಂದ್ ಪದ ಗೆಪ್ತಿಗ್ ಬಂತು ಕಣ್ಲಾ" ಎಂದು ಶುರು ಮಾಡಿದವಳೇ, ನಾನೆಂದೂ ಕೇಳದ ಒಂದು ಸಾಲು ಹಾಡಿದಳು. ಆಮೇಲೆ ಮೌನ. ನೀರು ಹರಿಯುವ ಸದ್ದು ಮಾತ್ರ. ಮೆಸೇಜು ಮುಗಿಯಿತೆಂದುಕೊಂಡೆ. ನೋಡಿದರೆ ಇನ್ನೂ ಓಡುತ್ತಲೇ ಇದೆ. ಆಗ ತಿಳಿಯಿತು, ಅದು ನನ್ನ ಸರದಿ. ಮೊದಲಿಂದ ಹಾಕಿ, ಅವಳ ಸಾಲು ಮುಗಿಯುತ್ತಲೇ ಗಂಟಲು ಬಿಚ್ಚಿ ಅದೇ "ಬಾರವ್ವ ನಮ್ಮ ಗದ್ದೆಗೆ" ಸೊಲ್ಲು ಹೇಳಿದೆ. ಸುಧಾ ಓಡಿಬಂದು ಬೀದಿ ಕಡೆಯ ಕಿಟಕಿ ಮುಚ್ಚಿದಳು. ನಾನು ಎಳೆದು ಹಾಡುವವನೆಂದು ಗೊತ್ತಿದ್ದು, ಅತ್ತೆ ಅಷ್ಟು ಜಾಗ ಬಿಟ್ಟಿದ್ದಳು. ನನ್ನ ದನಿ ನಿಂತ ಮೇಲೆಯೇ ಮುಂದಿನ ಸಾಲು ಎತ್ತಿಕೊಂಡಳು.