ದೊಡ್ಡ ರೌಟರ್ ತಂದ ದಸರೆ

ಬನಹಟ್ಟಿಯ ಮನೆಗಳಲ್ಲಿ ಗೋಡೆಯ ಗೂಡುಗಳು ಮುಚ್ಚಿಹೋಗಿ, ಪ್ಲೈವುಡ್ ಕಪಾಟುಗಳು ಬರತೊಡಗಿದ್ದ ದಿನಗಳವು. ನಾನಾಗ ಐದನೆಯ ಇಯತ್ತೆಯ ಹುಡುಗಿ. ನಮ್ಮ ಬಡಗಿ ಶೆಡ್ಡಿನಲ್ಲಿ ಒಂದು ಬದಿಗೆ ಸಾಗವಾನಿಯ ವಾಸನೆ, ಇನ್ನೊಂದು ಬದಿಗೆ ಅಂಟಿನ ವಾಸನೆ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಹಲಗೆ ನುಣುಪು ಮಾಡಲು ರಂದಾ ಹೊಡೆದಾಗ ಉದುರುವ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಜುಮುಕಿ ಎನ್ನುತ್ತಿದ್ದೆ.

ಆ ವರ್ಷ ಮಹಾನವಮಿಗೆ ಮುಂಚೆ, ಕಪಾಟಿನ ಬಾಗಿಲುಗಳ ಅಂಚು ತೀಡಲು ರೌಟರ್ ಯಂತ್ರ ಕೊಳ್ಳಬೇಕೆಂದು ಅಪ್ಪ ಜಮಖಂಡಿಗೆ ಹೊರಟ. ಜೊತೆಗೆ ಮುತ್ಯಾ ಬಂದ, ನಾನೂ ಬಸ್ಸು ಹತ್ತಿದೆ. ಅಂಗಡಿಯವನು ಎರಡು ಯಂತ್ರ ಇಟ್ಟ. ಎರಡರಲ್ಲೂ ತಳದ ನಡುವೆ ಅಲಗು ತಿರುಗುತ್ತದೆ. ಒಂದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಇನ್ನೊಂದಕ್ಕೆ ಎರಡು ಹಿಡಿಕೆ, ಅಗಲ ತಳ. ಅದನ್ನು ನನಗೆ ಎತ್ತಲಾಗಲಿಲ್ಲ.

ಅಪ್ಪ ಸಣ್ಣದನ್ನು ಕೈಗೆತ್ತಿಕೊಂಡ.

"ಇದೇನ್ಲೇ, ಗಡ್ಡಾ ಬೋಳಸೂ ಮಷೀನ ಇದ್ದಂಗ ಐತಿ," ಎಂದ ಮುತ್ಯಾ. "ತೂಕ ಇದ್ದ ರಂದಾ ಕುಣಿಯೂದಿಲ್ಲ. ದೊಡ್ಡದು ತಗೋ."

"ಯಪ್ಪಾ, ಅಂಚು ಇಷ್ಟ ಸಣ್ಣದ ಇರತೈತಿ. ಆ ದೊಡ್ಡದು ಅದರ ಮ್ಯಾಲ ಹೆಂಗ ಕುಂದರತೈತಿ?"

"ಕುಂದ್ರಸಾವ್ರು ನಾವ್ ಅದೀವಲ್ಲ."

ಅಂಗಡಿಯವನು ನಕ್ಕ. ಕಟ್ಟಿಗೆಯ ಕೆಲಸದಲ್ಲಿ ಅಪ್ಪ ಮುತ್ಯಾನ ಮಾತು ದಾಟಿದವನಲ್ಲ. ದೊಡ್ಡದೇ ಬಂತು.

ಮಹಾನವಮಿಯ ದಿನ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಕೂಡಿಸಿದ ಹತ್ಯಾರಗಳನ್ನು ನಮ್ಮಲ್ಲಿ ಮರುದಿನ, ದಸರೆಯ ಬೆಳಿಗ್ಗೆ ಎತ್ತುತ್ತಾರೆ. ಹೊಸ ಹತ್ಯಾರವಿದ್ದರೆ ಅದರ ಮೊದಲ ಕೆಲಸ ಮನೆಯ ಹಿರಿಯರ ಕೈಯಿಂದಲೇ ಆಗಬೇಕು. ಒಳಗೆ ಅವ್ವ ಹೋಳಿಗೆ ಬೇಯಿಸುತ್ತಿದ್ದಳು. ಅಪ್ಪ ಯಂತ್ರದ ಚೆಂಡುಹೂ ಬಿಚ್ಚಿ, ಕಪಾಟಿನ ಬಾಗಿಲೊಂದನ್ನು ಅಂಚು ಮೇಲಾಗಿ ನಿಲ್ಲಿಸಿ ಎರಡೂ ಕೈಯಿಂದ ಒತ್ತಿ ಹಿಡಿದ.

"ಹಿಡಿಕಿ ಬಿಡಬ್ಯಾಡ ಯಪ್ಪಾ."

"ನನಗ ಹೇಳ್ತಿ ಏನ್ಲೇ," ಎಂದು ಮುತ್ಯಾ ಗುಂಡಿ ಒತ್ತಿದ. ಆ ಸದ್ದಿಗೆ ನಾನು ಹೊಸ್ತಿಲಿಗೆ ಸರಿದೆ.

ಸ್ವಲ್ಪ ದೂರ ಯಂತ್ರ ಸರಿಯಾಗಿಯೇ ಹೋಯಿತು. ಆಮೇಲೆ ಆ ಕಿರಿದಾದ ಅಂಚಿನ ಮೇಲೆ ಅದರ ಅಗಲ ತಳ ಒಂದು ಬದಿಗೆ ವಾಲಿತು. ರಂದಾ ವಾಲಿದರೆ ಎಡಗೈ ಬೆರಳುಗಳನ್ನು ಅದರ ತಳದ ಕೆಳಗೆ ಮಡಚಿ, ಹಲಗೆಗೆ ಆನಿಸಿ ನೆಟ್ಟಗೆ ನಡೆಸುವುದು ಮುತ್ಯಾನ ರೂಢಿ. ಎಷ್ಟೋ ವರ್ಷಗಳಿಂದ ಆ ಬೆರಳುಗಳು ತಾವಾಗಿಯೇ ಅಲ್ಲಿಗೆ ಹೋಗುತ್ತಿದ್ದವು. ಎಡಗೈ ಹಿಡಿಕೆ ಬಿಟ್ಟದ್ದನ್ನು ನಾನು ನೋಡಿದೆ. ಅಪ್ಪನೂ ನೋಡಿದ. ಅವನ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಿಸಲಿಲ್ಲ. ಬಾಗಿಲು ಬಿಟ್ಟರೆ ಯಂತ್ರವೇ ಮುತ್ಯಾನ ಮೈಮೇಲೆ ಬೀಳುತ್ತಿತ್ತು. ಅಪ್ಪ ಹಿಡಿದೇ ನಿಂತ.

ಸದ್ದು ನಿಂತಾಗ ಮುತ್ಯಾ ಎಡಗೈಯನ್ನು ಧೋತರದಲ್ಲಿ ಸುತ್ತಿಕೊಂಡಿದ್ದ.

"ಕೂಸಿನ್ನ ಒಳಗ ಕಳಸು," ಎಂದ, ಮೆಲ್ಲಗೆ.

ದವಾಖಾನೆಯವರಿಂದ ಎರಡು ಬೆರಳು ಉಳಿಸಲಾಗಲಿಲ್ಲ. ಸಂಜೆ ಓಣಿಯವರು ಬನ್ನಿ ಕೊಡಲು ಬಂದು, ಸುದ್ದಿ ಕೇಳಿ, ಎಲೆಗಳನ್ನು ಕಟ್ಟೆಯ ಮೇಲಿಟ್ಟು ಹೋದರು.

ಗಾಯ ಮಾಯಿತು. ಅಪ್ಪ ದೊಡ್ಡ ರೌಟರನ್ನು ಅಲಗಷ್ಟೇ ಮೇಲೆ ಬರುವಂತೆ ಮೇಜಿನ ಅಡಿಗೆ ಬಿಗಿದು, ಅಂಚಿಗೆಂದು ಸಣ್ಣದನ್ನು ತಂದ. ತನಗೆ ಗೊತ್ತಿದ್ದುದನ್ನೂ ಮುತ್ಯಾನ ಹತ್ತಿರ ಹೋಗಿ ಕೇಳತೊಡಗಿದ.

"ಯಪ್ಪಾ, ಈ ಚೌಕಟ್ಟಿಗೆ ಸಾಗವಾನಿ ಹಾಕಲ್ಯೋ, ಬೇವು ಹಾಕಲ್ಯೋ?"

"ನಿನಗ ತಿಳೀತೈತಿ ನೋಡು."

ಮುತ್ಯಾ ತೀರಿಕೊಳ್ಳುವವರೆಗೂ ಬೇರೆ ಉತ್ತರ ಬರಲಿಲ್ಲ. ಅಪ್ಪನೂ ಕೇಳುವುದನ್ನು ಬಿಡಲಿಲ್ಲ.

ಈಗ ಅಪ್ಪನ ಶೆಡ್ಡಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರವಿದೆ. ಯಾವುದು ಎಲ್ಲಿಗೆ ಎಂಬುದರಲ್ಲಿ ಅವನು ತಪ್ಪುವುದಿಲ್ಲ. ಒಳ್ಳೆಯ ಹಲಗೆಯೊಂದು ಬಂದಾಗ ಮಾತ್ರ, ಅದನ್ನು ಗೋಡೆಗೆ ಆನಿಸಿ, ಮುತ್ಯಾ ಕೂರುತ್ತಿದ್ದ ಕಡೆಗೆ ಒಮ್ಮೆ ತಿರುಗುತ್ತಾನೆ. ಅಲ್ಲೀಗ ಪ್ಲೈವುಡ್ ಹಾಳೆಗಳನ್ನು ಒಟ್ಟಿದ್ದಾರೆ.